ಭತ್ಯೆ ಬೇಕೆಂದರೆ ಮೊದಲು ರಸೀದಿ ಕೇಳಿ

ಉದ್ಯೋಗ ಖಾತ್ರಿ ಎಂದರೆ ಹಳ್ಳಿಯಲ್ಲಿ ಗೊತ್ತಿಲ್ಲದವರಿಲ್ಲ. ಆದರೆ ಕೆಲಸ ಕೇಳಿ 15 ದಿನ ಕಳೆದರೂ ಕೊಡದಿದ್ದರೆ ಸರಕಾರ ನಿರುದ್ಯೋಗ ಭತ್ಯೆ ಕೊಡಬೇಕು ಎನ್ನುವುದು ಎಷ್ಟು ಜನಕ್ಕೆ ಗೊತ್ತು? ನಮ್ಮ ಚಳ್ಳಕೆರೆ ಸೀಮೆಯ ನಾಲ್ಕಾರು ಊರಲ್ಲಿ ವಿಚಾರಿಸಿ ನೋಡಿದ್ದೇನೆ. ಗೊತ್ತಿದ್ದವರು ಅಲ್ಲೊಬ್ಬರು ಇಲ್ಲೊಬ್ಬರು. ಕೈಗೆ ಪಡೆದವರು ಒಬ್ಬರೂ ಸಿಗಲಿಲ್ಲ. ಕಾಯ್ದೆಯಲ್ಲಿ ಬರೆದ ದುಡ್ಡು ಯಾಕೆ ಬರೋದಿಲ್ಲ ಅಂತ ಹುಡುಕಿಕೊಂಡು ಹೋದರೆ ಕಡೆಗೆ ಎಲ್ಲಾ ಬಂದು ನಿಲ್ಲೋದು ಒಂದು ತುಂಡು ಕಾಗದದ ಮೇಲೆ. ಅದು ತಾರೀಕು ಹಾಕಿದ ರಸೀದಿ. ಆ ರಸೀದಿಯೇ ನಮ್ಮ ಜನರ ಕೈಲಿಲ್ಲ.

ಇದು ಕೂಲಿಯವರ ಸಮಾಚಾರ, ರೈತರ ಪತ್ರಿಕೆಗೆ ಯಾಕೆ ಅನ್ನಬೇಡಿ. ನನಗೆ ಆರು ಎಕರೆ ಖುಷ್ಕಿ ಐತೆ. ಶೇಂಗಾ, ನಡುವೆ ತೊಗರಿ ಸಾಲು. ಬಿತ್ತೋವಾಗ, ಕೀಳೋವಾಗ ನಾನು ಆಳು ಕರೆಯೋ ಯಜಮಾನ. ದೀಪಾವಳಿ ಕಳೆದು ಕಾಯಿ ಮಾರಿದ ಮೇಲೆ ಮುಂಗಾರು ಬರೋತನಕ ನಾನೂ ನನ್ನ ಹೆಂಡತಿಯೂ ಕೆಲಸ ಹುಡುಕೋರು. ನಮ್ಮ ಕಡೆ ಮುಕ್ಕಾಲು ಮನೆ ಇದೇ ಕತೆ. ಪಹಣಿ ಒಂದು ಪೆಟ್ಟಿಗೆಯಲ್ಲಿ, ಜಾಬ್ ಕಾರ್ಡು ಅದೇ ಪೆಟ್ಟಿಗೆಯಲ್ಲಿ. ಬೇಸಿಗೆಯಲ್ಲಿ ಊರಲ್ಲಿ ಕೆಲಸ ಸಿಗದಿದ್ದರೆ ಹುಡುಗರು ಬೆಂಗಳೂರಿಗೆ ಗಾರೆ ಕೆಲಸಕ್ಕೆ, ಗಂಡ ಹೆಂಡತಿ ಕಾಫಿ ತೋಟಕ್ಕೆ. ಮನೆಯಲ್ಲಿ ಮುದುಕರು, ದನ, ಬೀಗ.

ಕಾಯ್ದೆ ಹೇಳಿದ್ದು

ಕೆಲಸ ಕೊಡುವ ಖಾತ್ರಿ ಹುಟ್ಟಿದ್ದೇ ಖುಷ್ಕಿ ಸೀಮೆಯ ಕಷ್ಟದಿಂದ. 1972ರ ಬರದ ಕಾಲದಲ್ಲಿ ಮಹಾರಾಷ್ಟ್ರ ಶುರು ಮಾಡಿದ್ದು 1977ರಲ್ಲಿ ಅಲ್ಲಿ ಕಾಯ್ದೆ ಆಯಿತು. ಇಡೀ ದೇಶಕ್ಕೆ ಕಾಯ್ದೆ ಬಂದದ್ದು 2005ರಲ್ಲಿ. 2006ರ ಫೆಬ್ರವರಿ 2ರಂದು ಮೊದಲು 200 ಜಿಲ್ಲೆಗಳಲ್ಲಿ ಜಾರಿಯಾಯಿತು. ಕರ್ನಾಟಕದ ಪಾಲಿಗೆ ಬಂದ ಐದು ಜಿಲ್ಲೆಗಳಲ್ಲಿ ನಮ್ಮ ಚಿತ್ರದುರ್ಗವೂ ಒಂದು. ಬೀದರ, ಗುಲ್ಬರ್ಗ, ರಾಯಚೂರು, ದಾವಣಗೆರೆ ಉಳಿದ ನಾಲ್ಕು.

ಅದರ ಏಳನೇ ಕಲಮಿನಲ್ಲಿ ಭತ್ಯೆಯ ವಿಷಯ ಬರುತ್ತದೆ. ಅರ್ಜಿ ಕೊಟ್ಟು 15 ದಿನದೊಳಗೆ ಕೆಲಸ ಕೊಡದಿದ್ದರೆ ಆ ಆರ್ಥಿಕ ವರ್ಷದ ಮೊದಲ 30 ದಿನಕ್ಕೆ ಕೂಲಿಯ ಕಾಲು ಭಾಗಕ್ಕೆ ಕಡಿಮೆ ಇಲ್ಲದಂತೆ, ಆಮೇಲಿನ ದಿನಗಳಿಗೆ ಅರ್ಧಕ್ಕೆ ಕಡಿಮೆ ಇಲ್ಲದಂತೆ ಭತ್ಯೆ ಕೊಡಬೇಕು. ಕೊಡಬೇಕಾದ ದಿನ ಬಂದ ಮೇಲೆ 15 ದಿನ ಮೀರಬಾರದು. 2025-26ರಲ್ಲಿ ನಮ್ಮ ರಾಜ್ಯದ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಕಾಲು ಭಾಗ ಅಂದರೆ 92 ರೂಪಾಯಿ 50 ಪೈಸೆ. ಒಬ್ಬರಿಗೆ 30 ದಿನಕ್ಕೆ 2,775 ರೂಪಾಯಿ. ದೊಡ್ಡ ದುಡ್ಡಲ್ಲ. ಆದರೆ ಬೇಸಿಗೆಯಲ್ಲಿ ಮನೆಯ ಜೋಳ, ಎಣ್ಣೆ, ಬೇಳೆಗೆ ಅದೇ ಆಧಾರ. ಸಾಲಕ್ಕೆ ಕೈಯೊಡ್ಡುವುದು ಅಷ್ಟು ತಪ್ಪುತ್ತದೆ.

ಇಲ್ಲಿ ಖುಷ್ಕಿಯವರು ಗಮನಿಸಬೇಕಾದ ಒಂದು ಮಾತಿದೆ. ಲೆಕ್ಕ ಆರ್ಥಿಕ ವರ್ಷದ್ದು. ನಮಗೆ ಕೆಲಸ ಇಲ್ಲದ ಕಾಲ ಜನವರಿಯಿಂದ ಮೇ. ನಡುವೆ ಮಾರ್ಚ್ 31 ಬಂದು ಲೆಕ್ಕ ಕಡಿಯುತ್ತದೆ. ಫೆಬ್ರವರಿ ನಡುವೆ ಅರ್ಜಿ ಕೊಟ್ಟವನಿಗೆ ಕಾಲು ಭಾಗದ 30 ದಿನ ಮುಗಿದು ಅರ್ಧದ ದಿನ ಶುರು ಆಗೋಷ್ಟರಲ್ಲಿ ಏಪ್ರಿಲ್ ಬಂತು, ಮತ್ತೆ ಕಾಲಿನಿಂದಲೇ ಎಣಿಕೆ. ಅರ್ಧ ಕೂಲಿಯ ಮಾತು ನಮ್ಮ ಪಾಲಿಗೆ ಹೆಚ್ಚಾಗಿ ಕಾಗದದಲ್ಲೇ ಉಳಿಯುತ್ತದೆ. ಅದಕ್ಕೇ ಡಿಸೆಂಬರಿನಲ್ಲೇ ಅರ್ಜಿ ಕೊಡುವುದು ಲೇಸು.

ಗಂಟು ಇರುವುದು ಎಲ್ಲಿ

2005ರ ಕಾಯ್ದೆಯಲ್ಲಿ ಕೂಲಿ ದುಡ್ಡು ಪೂರ್ತಿ ಕೇಂದ್ರದ್ದು. ಭತ್ಯೆ ಮಾತ್ರ ರಾಜ್ಯದ ಜೇಬಿನಿಂದ. ಇದನ್ನು ಬೇಕೆಂದೇ ಹಾಗೆ ಇಟ್ಟಿದ್ದರು. ಕೆಲಸ ಕೊಟ್ಟರೆ ಕೇಂದ್ರದ ಖರ್ಚು, ಕೊಡದಿದ್ದರೆ ತನ್ನ ಖರ್ಚು ಅಂದಾಗ ರಾಜ್ಯ ಓಡಿ ಬಂದು ಕೆಲಸ ಕೊಡುತ್ತದೆ ಎನ್ನುವ ಲೆಕ್ಕ. ಲೆಕ್ಕ ಚೆನ್ನಾಗಿತ್ತು. ಆದರೆ ಭತ್ಯೆ ತಪ್ಪಿಸಲು ಕೆಲಸ ಕೊಡುವುದಕ್ಕಿಂತ ಸುಲಭದ ದಾರಿ ಇನ್ನೊಂದಿತ್ತು. ಅರ್ಜಿಯೇ ಬಂದಿಲ್ಲ ಅಂದುಬಿಡುವುದು. ಅರ್ಜಿ ಇಲ್ಲದಿದ್ದರೆ 15 ದಿನ ಎಲ್ಲಿಂದ ಎಣಿಸುತ್ತೀರಿ?

ನಮ್ಮ ಕಡೆಯ ಒಂದು ಪಂಚಾಯಿತಿಯಲ್ಲಿ ನಡೆದದ್ದು ಹೇಳುತ್ತೇನೆ. 2023ರ ಬರ ನಿಮಗೆ ನೆನಪಿರಬಹುದು. ರಾಜ್ಯದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರಕಾರವೇ ಹೇಳಿತು. ಶೇಂಗಾ ಬೀಜದಷ್ಟೂ ಬರಲಿಲ್ಲ. ಮಾರನೇ ವರ್ಷ ಫೆಬ್ರವರಿ 5ರಂದು 14 ಜನ, ಅದರಲ್ಲಿ ಹೆಂಗಸರೇ ಹೆಚ್ಚು, 50 ದಿನ ಕೆಲಸ ಬೇಕು ಅಂತ ಫಾರಂ ನಂಬರ್ 6 ತುಂಬಿ ಕೊಟ್ಟರು. ನಾನೂ ಜೊತೆಗೆ ಹೋಗಿದ್ದೆ. ರಸೀದಿ ಕೇಳಿದೆವು. ಕಂಪ್ಯೂಟರ್ ಹುಡುಗ, "ರಸೀದಿ ಯಾಕೆ ಯಜಮಾನ್ರೇ, ನಾವೇನು ಊರು ಬಿಟ್ಟು ಹೋಗ್ತೀವಾ? ಕೆಲಸ ಬಂದಾಗ ಫೋನ್ ಮಾಡ್ತೀವಿ" ಅಂದ. ಮತ್ತೆ ಮತ್ತೆ ಕೇಳಿದರೂ ಕೊಡಲಿಲ್ಲ. ಗೋಕಟ್ಟೆ ಹೂಳು ತೆಗೆಯುವ ಕೆಲಸ ಶುರುವಾದದ್ದು ಮಾರ್ಚ್ 18ಕ್ಕೆ. ಕಂಪ್ಯೂಟರಿನಲ್ಲಿ ನೋಡಿದರೆ ಕೆಲಸ ಕೇಳಿದ ತಾರೀಕು ಮಾರ್ಚ್ 16 ಅಂತ ಇತ್ತು. ಅಂದರೆ ಎರಡೇ ದಿನದಲ್ಲಿ ಕೆಲಸ ಕೊಟ್ಟ ಹಾಗಾಯಿತು!

ನಿಜವಾದ ತಾರೀಕು ಹಿಡಿದು ಎಣಿಸಿ. ಫೆಬ್ರವರಿ 20ಕ್ಕೆ 15 ದಿನ ಮುಗಿಯಿತು. 21ರಿಂದ ಮಾರ್ಚ್ 17ರ ತನಕ 26 ದಿನ. ಆ ವರ್ಷದ ಕೂಲಿ 316, ಅದರ ಕಾಲು ಭಾಗ 79. ತಲೆಗೆ 2,054 ರೂಪಾಯಿ. 14 ಜನಕ್ಕೆ 28,756 ರೂಪಾಯಿ. ಒಂದು ತಾರೀಕು ತಿದ್ದಿದ್ದಕ್ಕೆ ಬಡವರ ಮನೆಯಿಂದ ಇಷ್ಟು ಹೋಯಿತು. ಯಾರೂ ಲಂಚ ತಿನ್ನಲಿಲ್ಲ, ಯಾರೂ ಕದಿಯಲಿಲ್ಲ. ಕದ್ದದ್ದು ತಾರೀಕು ಮಾತ್ರ.

ಪಂಚಾಯಿತಿಯವರದ್ದೂ ಒಂದು ಮಾತು ಹೇಳಬೇಕು. ಪಿಡಿಒ ಒಬ್ಬರೇ, ನೂರು ಕೆಲಸ. ಕ್ರಿಯಾಯೋಜನೆ ಮಂಜೂರಾಗಿ ಬರಬೇಕು, ಎಂಜಿನಿಯರು ಬಂದು ಅಳತೆ ಹಾಕಬೇಕು. ಭತ್ಯೆ ಬಿತ್ತು ಅಂದರೆ ಮೇಲಿನವರು ತಮ್ಮನ್ನೇ ಹಿಡೀತಾರೆ ಎನ್ನುವ ಹೆದರಿಕೆ. ಒಪ್ಪೋಣ. ಆದರೆ ಆ ತಡಕ್ಕೆ ಬೆಲೆ ಕಟ್ಟಬೇಕಾದವರು ಯಾರು? ಎಂಜಿನಿಯರು ತಡವಾದರೆ ಅವರ ಸಂಬಳ ನಿಲ್ಲುವುದಿಲ್ಲ, ನಮ್ಮ ಒಲೆ ನಿಲ್ಲುತ್ತದೆ.

ರಸೀದಿ ಇದ್ದಲ್ಲಿ ಭತ್ಯೆ ಬಂದದ್ದೂ ಉಂಟು. ಮಧ್ಯಪ್ರದೇಶದ ಬಡವಾನಿ ಜಿಲ್ಲೆಯಲ್ಲಿ ಜಾಗೃತ ಆದಿವಾಸಿ ದಲಿತ ಸಂಘಟನೆಯ ಜನ ಕಾಯ್ದೆ ಬಂದ ಮೊದಲ ವರ್ಷಗಳಲ್ಲೇ ಗುಂಪಾಗಿ ಅರ್ಜಿ ಕೊಟ್ಟು, ರಸೀದಿ ಪಡೆದು, ಪಟ್ಟು ಹಿಡಿದು ಕೂತರು. ನೂರಾರು ಕೂಲಿಕಾರರಿಗೆ ಭತ್ಯೆ ಕೊಡಬೇಕಾಯಿತು. ಅವರೇನು ನಮಗಿಂತ ಹೆಚ್ಚು ಓದಿದವರಲ್ಲ.

ಕೂತು ತಿನ್ನುವ ಮಾತು

"ಮನೇಲಿ ಕೂತೋರಿಗೆ ದುಡ್ಡು ಕೊಟ್ಟರೆ ಸೋಮಾರಿ ಆಗ್ತಾರೆ, ನಮ್ಮ ಹೊಲಕ್ಕೆ ಆಳು ಸಿಗಲ್ಲ" ಅಂತ ನಮ್ಮ ರೈತರೇ ಅನ್ನುತ್ತಾರೆ. 92 ರೂಪಾಯಿ ಆಸೆಗೆ 370 ರೂಪಾಯಿ ಕೂಲಿ ಬಿಡುವ ದಡ್ಡ ಯಾರು? ಕೆಲಸಕ್ಕೆ ಕರೆದ ದಿನದಿಂದ ಭತ್ಯೆ ನಿಲ್ಲುತ್ತದೆ. ಕರೆದರೂ ಬಾರದವನಿಗೆ ಮೂರು ತಿಂಗಳು ಭತ್ಯೆ ಇಲ್ಲ ಅಂತ 2005ರ ಕಾಯ್ದೆಯಲ್ಲೇ ಇತ್ತು. ಇಂಥ ಬಿಗಿ ಇರುವಾಗ ಸೋಮಾರಿತನದ ಮಾತು ನಿಲ್ಲುವುದಿಲ್ಲ.

ಇನ್ನೊಂದನ್ನು ಹೋಲಿಸಿ ನೋಡಿ. ಓದಿ ಕೆಲಸ ಸಿಗದ ಮಕ್ಕಳಿಗೆ ರಾಜ್ಯ ಯುವನಿಧಿ ಅಂತ ಮಾಡಿತು. 2023ರ ಡಿಸೆಂಬರ್ 26ಕ್ಕೆ ನೋಂದಣಿ ಶುರು. ಪದವಿ ಆದವರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500. ಮಾಡಲಿ, ಸಂತೋಷ. ಅಲ್ಲಿ ಹುಡುಗ ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿದ ಕೂಡಲೇ ಕಂಪ್ಯೂಟರ್ ಒಂದು ನಂಬರು ಕೊಡುತ್ತದೆ. ಪದವೀಧರನಿಗೆ ಒಂದು ಕ್ಷಣದಲ್ಲಿ ಸಿಗುವ ನಂಬರು ಹೆಬ್ಬೆಟ್ಟಿನ ಹೆಂಗಸಿಗೆ ಯಾಕೆ ಸಿಗಬಾರದು?

ಹೊಸ ಕಾಯ್ದೆ, ಹಳೇ ಗಂಟು

2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು 2005ರ ಕಾಯ್ದೆಯ ಜಾಗಕ್ಕೆ ಹೊಸ ಕಾಯ್ದೆ ಪಾಸು ಮಾಡಿತು. ಜನರ ಬಾಯಲ್ಲಿ ಅದು "ಜಿ ರಾಮ್ ಜಿ". 100 ದಿನ ಇದ್ದದ್ದು 125 ಆಯಿತು. ಕೆಲಸ ಕೇಳಿದ 15 ದಿನದೊಳಗೆ ಕೊಡದಿದ್ದರೆ ರಾಜ್ಯ ಭತ್ಯೆ ಕೊಡಬೇಕು ಎನ್ನುವುದು ಅದರಲ್ಲೂ ಐತೆ. ಆದರೆ ಎರಡು ಕಡೆ ನಾವು ಎಚ್ಚರ ಇರಬೇಕು.

ಒಂದು, ಖರ್ಚಿನ ಪಾಲು. ನಮ್ಮಂಥ ರಾಜ್ಯಗಳಿಗೆ ಕೇಂದ್ರ 60, ರಾಜ್ಯ 40. ವರ್ಷಕ್ಕೆ ಇಷ್ಟು ಅಂತ ಕೇಂದ್ರ ಗೊತ್ತು ಮಾಡುತ್ತದೆ, ಮೀರಿದ್ದು ರಾಜ್ಯದ ತಲೆಗೆ. ಮೊದಲು ಕೆಲಸ ಕೊಟ್ಟರೆ ರಾಜ್ಯಕ್ಕೆ ಕೂಲಿಯ ಖರ್ಚಿರಲಿಲ್ಲ. ಈಗ ಕೆಲಸ ಕೊಟ್ಟರೂ ಖರ್ಚು, ಕೊಡದಿದ್ದರೂ ಖರ್ಚು. ಹೀಗಾದಾಗ ಅರ್ಜಿಯನ್ನೇ ಮುಚ್ಚಿಡುವ ಆಸೆ ಹೆಚ್ಚುತ್ತದೆಯೇ ಹೊರತು ಕಡಿಮೆ ಆಗುವುದಿಲ್ಲ.

ಎರಡು, ಬಿತ್ತನೆ ಮತ್ತು ಕೊಯ್ಲಿನ ಕಾಲದಲ್ಲಿ ವರ್ಷಕ್ಕೆ ಒಟ್ಟು 60 ದಿನ ಈ ಕೆಲಸ ನಡೆಯದಂತೆ ರಾಜ್ಯ ಮುಂಚಿತವಾಗಿ ಗೊತ್ತು ಮಾಡಬೇಕು. ಆಳಿನ ತಾಪತ್ರಯ ನನಗೂ ಗೊತ್ತು, ಕಾಲುವೆ ನೀರಿನ ಸೀಮೆಗೆ ಇದು ಸರಿ. ಅಲ್ಲಿ ನಾಟಿ ಯಾವಾಗ ಅಂತ ಮೊದಲೇ ಗೊತ್ತು. ನಮ್ಮ ಬಿತ್ತನೆ ಗೊತ್ತಿರುವುದು ಮೋಡಕ್ಕೆ ಮಾತ್ರ. ಕ್ಯಾಲೆಂಡರು ನೋಡಿ ಜೂನ್, ಜುಲೈ ನಿಲ್ಲಿಸಿ ಅಂದರು ಅನ್ನಿ. 2023ರ ಹಾಗೆ ಮಳೆ ಕೈಕೊಟ್ಟಿತು. ಹೊಲದಲ್ಲೂ ಕೆಲಸ ಇಲ್ಲ, ಸರಕಾರದ್ದೂ ಇಲ್ಲ, ಕೆಲಸವೇ ನಿಲ್ಲಿಸಿದ ದಿನಗಳಿಗೆ ಭತ್ಯೆ ಕೇಳೋದು ಹೇಗೆ? ಈ 60 ದಿನವನ್ನು ಬೆಂಗಳೂರಲ್ಲಿ ಕೂತು ಬರೆಯಬಾರದು. ಪಂಚಾಯಿತಿ ಮಟ್ಟದಲ್ಲಿ, ಆ ಊರಿನ ಬೆಳೆ ನೋಡಿ ಗೊತ್ತು ಮಾಡಬೇಕು. ಮಳೆ ಬಾರದಿದ್ದರೆ ಕೂಡಲೇ ಸಡಿಲ ಮಾಡಬೇಕು. ಗ್ರಾಮಸಭೆಯಲ್ಲಿ ಈ ಠರಾವು ಈಗಲೇ ಮಾಡಿಸಿಡಿ.

ನಾವು ಮಾಡಬೇಕಾದ್ದು

1. ಬಾಯಿ ಮಾತಲ್ಲಿ ಕೆಲಸ ಕೇಳಬೇಡಿ. ಬರೆದು ಕೊಡಿ. ಒಬ್ಬೊಬ್ಬರೇ ಹೋಗಬೇಡಿ, ಹತ್ತು ಹದಿನೈದು ಜನ ಕೂಡಿ ಹೋಗಿ.

2. ಎಷ್ಟು ದಿನ ಕೆಲಸ ಬೇಕು, ಯಾವ ತಾರೀಕಿನಿಂದ ಎನ್ನುವ ಜಾಗ ಖಾಲಿ ಬಿಡಬೇಡಿ. 14 ದಿನ ಅಂತ ಬರೆದರೆ ನಿಮ್ಮ ಹಕ್ಕೂ 14 ದಿನಕ್ಕೇ ನಿಲ್ಲಬಹುದು. ನಿಜವಾಗಿ ಬೇಕಾದಷ್ಟು ದಿನ ಬರೆಯಿರಿ.

3. ಅರ್ಜಿಯ ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ತಾರೀಕು ಹಾಕಿದ ರಸೀದಿ ಕೊಡುವುದು ಅವರ ಕರ್ತವ್ಯ ಅಂತ 2005ರ ಕಾಯ್ದೆಯ ಅನುಸೂಚಿಯಲ್ಲೇ ಬರೆದಿತ್ತು. ಇದು ಅವರು ಮಾಡುವ ಉಪಕಾರವಲ್ಲ.

4. ಕೊಡೋದಿಲ್ಲ ಅಂದರೆ ಜಗಳಕ್ಕೆ ನಿಲ್ಲಬೇಡಿ. ಅದೇ ಅರ್ಜಿಯನ್ನು ಸ್ಪೀಡ್ ಪೋಸ್ಟಿನಲ್ಲಿ ಪಂಚಾಯಿತಿಗೆ ಒಂದು, ತಾಲ್ಲೂಕು ಪಂಚಾಯಿತಿ ಇಒಗೆ ಒಂದು ಕಳಿಸಿ. ಅಂಚೆ ಚೀಟಿಯ ತಾರೀಕನ್ನು ಯಾರೂ ತಿದ್ದಲಾರರು.

5. ವಾರದೊಳಗೆ ಕಂಪ್ಯೂಟರಿನಲ್ಲಿ ನಿಮ್ಮ ಹೆಸರಿನ ಮುಂದೆ ಯಾವ ತಾರೀಕು ಹತ್ತಿಸಿದ್ದಾರೆ ನೋಡಿ. ಶಾಲೆಗೆ ಹೋಗುವ ಮಗಳ ಕೈಲಿ ಫೋನಿನಲ್ಲಿ ನೋಡಿಸಿದರೂ ಆದೀತು.

6. 16ನೇ ದಿನ ಭತ್ಯೆಗೆ ಬೇರೆ ಅರ್ಜಿ ಕೊಡಿ, ಅದಕ್ಕೂ ರಸೀದಿ ತಗೊಳ್ಳಿ.

7. ಕೆಲಸಕ್ಕೆ ಕರೆ ಬಂದರೆ ತಪ್ಪದೆ ಹೋಗಿ. ಆಗಲೇ ನಮ್ಮ ಮಾತಿಗೆ ತೂಕ.

ಸರಕಾರಕ್ಕೆ ಹೇಳೋದು ಇಷ್ಟೇ. ಅರ್ಜಿ ಹತ್ತಿಸಿದ ದಿನವೇ ರಸೀದಿ ತಾನಾಗಿ ಅಚ್ಚಾಗಿ ಬರುವಂತೆ ಮಾಡಿ. 15 ದಿನ ಮೀರಿದರೆ ಯಾರೂ ಕೇಳದೆ ಭತ್ಯೆ ಖಾತೆಗೆ ಬೀಳಲಿ. ತಡಕ್ಕೆ ಕಾರಣ ಯಾರು ಎನ್ನುವುದನ್ನು ಆಮೇಲೆ ಕಚೇರಿಯೊಳಗೆ ವಿಚಾರಿಸಿಕೊಳ್ಳಿ. ನಾವು ಬ್ಯಾಂಕಿನ ಕಂತು ಒಂದು ದಿನ ತಡ ಮಾಡಿದರೆ ಬಡ್ಡಿ ತಾನಾಗೇ ಬೀಳುತ್ತದೆ. ಅದೇ ಲೆಕ್ಕ ಸರಕಾರಕ್ಕೂ ಇರಲಿ.

ಓದುಗರಲ್ಲಿ ಯಾರಾದರೂ ಭತ್ಯೆ ಪಡೆದಿದ್ದರೆ ದಯವಿಟ್ಟು ಪತ್ರಿಕೆಗೆ ಬರೆಯಿರಿ. ಯಾವ ತಾರೀಕು ಅರ್ಜಿ, ಯಾವ ತಾರೀಕು ದುಡ್ಡು, ನಡುವೆ ಎಷ್ಟು ಸಲ ಅಲೆದಿರಿ ಅಂತ ಬರೆದರೆ ಸಾಕು. ನಾಲ್ಕು ಜನರ ತಾರೀಕು ಒಂದೇ ಪುಟದಲ್ಲಿ ಅಚ್ಚಾದರೆ ಮುಂದಿನ ಬೇಸಿಗೆಗೆ ಐದನೆಯವನು ಅದನ್ನು ಕೈಯಲ್ಲಿ ಹಿಡಿದು ಪಂಚಾಯಿತಿಗೆ ಹೋಗಬಹುದು.