ಕರೆಂಟ್ ಕೊಡೋ ಮುಂಚೆ ಕೇಳ್ರಿ

ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆ ರೇಡಿಯೋಥೆರಪಿಗೆ 'ಕರೆಂಟ್ ಕೊಡೋದು' ಅಂತಾರೆ. ಮೆದುಳಿನ ಗಡ್ಡೆಗೆ ಅದು ಎಷ್ಟೋ ಸಲ ಜೀವ ಉಳಿಸೋ ಚಿಕಿತ್ಸೆ. ನನ್ನ ತಕರಾರು ಕರೆಂಟಿನ ಮೇಲಲ್ಲ, ಅದಕ್ಕೂ ಮುಂಚೆ ಯಾರೂ ಕೇಳದ ಪ್ರಶ್ನೆಯ ಬಗ್ಗೆ: 'ನಿಮ್ಮ ಮನ್ಯಾಗ ಮತ್ತ ಯಾರಿಗರ ಕ್ಯಾನ್ಸರ್ ಆಗಿತ್ತೇನ್ರಿ?'

ವಿಕಿರಣ ಕೆಲಸ ಮಾಡೋದೇ ಡಿಎನ್‌ಎ ಮುರಿದು. ಮುರಿದ ಜೀವಕೋಶ ರಿಪೇರಿ ಆಗಬೇಕು, ಇಲ್ಲವೇ ಸಾಯಬೇಕು. ಇದನ್ನು ಕಾಯೋದು ಟಿಪಿ53 ಎಂಬ ಜೀನ್. 1969ರಲ್ಲಿ ಲೀ ಮತ್ತು ಫ್ರೌಮೆನಿ ಗುರುತಿಸಿದ ಸಿಂಡ್ರೋಮ್ ಇರೋರಲ್ಲಿ ಆ ಕಾವಲುಗಾರನೇ ಹುಟ್ಟಿನಿಂದ ಕೆಟ್ಟಿರ್ತಾನೆ. ಅಂಥವರಿಗೆ ಕರೆಂಟ್ ಕೊಟ್ಟ ಜಾಗದಲ್ಲೇ ವರ್ಷಗಳ ನಂತರ ಇನ್ನೊಂದು ಕ್ಯಾನ್ಸರ್ ಹುಟ್ಟೋ ಅಪಾಯ ಹೆಚ್ಚು. ಮೊದಲೇ ಗೊತ್ತಿದ್ದರೆ ವೈದ್ಯರು ಬೇರೆ ದಾರಿ ತೂಗಿ ನೋಡಬಹುದು. ಕರೆಂಟೇ ಗತಿ ಅಂದರೂ ಆಮೇಲೆ ಕಣ್ಣಿಟ್ಟು ಕಾಯಬಹುದು.

ಊರವರ ಫೈಲು ಹಿಡಿದು ನಾನೂ ಆಸ್ಪತ್ರೆಗಳಿಗೆ ಓಡಾಡಿದ್ದೀನಿ. ಎಂಆರ್‌ಐ, ಆಧಾರ್, ರೇಷನ್ ಕಾರ್ಡ್ ಎಲ್ಲಾ ಇರುತ್ತೆ. ಮನೆತನದ ಕಾಯಿಲೆ ಬಗ್ಗೆ ಒಂದು ಸಾಲೂ ಇರಲ್ಲ. 'ಹಳ್ಳಿಯವರಿಗೆ ಗೊತ್ತಿರಲ್ಲ' ಅನ್ನೋದು ಶುದ್ಧ ಸುಳ್ಳು. ಹೆಣ್ಣು ಕೊಡುವಾಗ ಏಳು ತಲೆಮಾರು ಜಾಲಾಡೋ ನಮ್ಮ ಅಜ್ಜಿಯರಿಗೆ ಇಡೀ ವಂಶವೃಕ್ಷ ಬಾಯಿಪಾಠ! ಕ್ಯಾನ್ಸರ್ ಮುಚ್ಚಿಡ್ತಾರೆ, ನಿಜ. ಯಾಕೆ ಕೇಳ್ತೀವಿ ಅಂತ ಯಾರಾದರೂ ಹೇಳಿದ್ದಾರಾ?

ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲಿ ಇದಕ್ಕಾಗೇ ಕ್ಯಾನ್ಸರ್ ಜೆನೆಟಿಕ್ಸ್ ಕ್ಲಿನಿಕ್ ಇದೆ. ವಾಡಿ, ಶಹಾಬಾದಿನ ರೋಗಿ ಅಲ್ಲಿಗೆ ಮುಟ್ಟಬೇಕಾದರೆ ಇಲ್ಲಿ ಯಾರಾದರೂ ಮೊದಲು ಕೇಳಬೇಕು. ರೆಫರಲ್ ಚೀಟಿಯಲ್ಲಿ ಒಂದು ಸಾಲು ಸಾಕು: ಯಾರಿಗೆ, ಯಾವ ಕ್ಯಾನ್ಸರ್, ಎಷ್ಟನೇ ವಯಸ್ಸಿಗೆ.

ಪೂರ್ವಜರು ಎಲ್ಲಿಯವರು ಅಂತ ತಿಳಿಯೋಕೆ ದುಡ್ಡು ಕೊಟ್ಟು ಉಗುಳು ಕಳಿಸೋ ಬೆಂಗಳೂರಿನ ಗೆಳೆಯರೇ, ಮೊದಲು ಊರಿಗೆ ಫೋನ್ ಹಚ್ಚಿ. ಅಜ್ಜಿ ಪುಕ್ಕಟೆ ಹೇಳ್ತಾಳೆ. ಬರೆದಿಟ್ಟುಕೊಳ್ಳಿ.