ಹರಿದು ಹೋಗುವ ಮಾತು, ನಿಲ್ಲಬೇಕಾದ ಮಾತು

2022ರ ಸೆಪ್ಟೆಂಬರ್ ಮೊದಲ ವಾರ ಮಾರಿಕಣಿವೆ ಜಲಾಶಯ ಕೋಡಿ ಬಿತ್ತು. 1907ರಲ್ಲಿ ಕಟ್ಟಿ ಮುಗಿಸಿದ ಅಣೆಕಟ್ಟೆ 130 ಅಡಿ ತುಂಬಿ ಕೋಡಿ ಹರಿದದ್ದು ಅದಕ್ಕೆ ಮೊದಲು ಒಂದೇ ಸಲ, 1933ರಲ್ಲಿ. 89 ವರ್ಷಗಳ ನಂತರ ಬಂದ ಆ ಗಳಿಗೆಯನ್ನು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ಮನೆಮನೆಗಳು ವಾಟ್ಸ್‌ಆ್ಯಪ್ಪಿನಲ್ಲಿ ಕಂಡವು. ಕೋಡಿಯ ನೀರು, ಬಾಗಿನದ ಮಾತು, ಹೊಸದುರ್ಗದ ಹಿನ್ನೀರಿನಲ್ಲಿ ತೋಟ ಮುಳುಗಿದವರ ಅಳಲು, ಹಳೆಯ ಬರಗಾಲವನ್ನು ನೆನೆದ ಹಿರಿಯರ ದನಿ ಎಲ್ಲವೂ ಫೋನಿನಿಂದ ಫೋನಿಗೆ ದಾಟಿದವು. ಇಂದು ಅವುಗಳಲ್ಲಿ ಒಂದನ್ನು ಹುಡುಕಿ ತೆಗೆಯುವುದು ಕಷ್ಟ. ಸಿಕ್ಕರೂ ಯಾವ ಊರು, ಮಾತಾಡಿದವರು ಯಾರು, ಯಾವ ದಿನದ್ದು ಎಂಬ ವಿವರವಿಲ್ಲ. ಇಡೀ ಸೀಮೆ ಒಟ್ಟಾಗಿ ಬರೆದ ಒಂದು ಚರಿತ್ರೆ ನಮ್ಮ ಕಣ್ಣೆದುರೇ ಕರಗಿಹೋಯಿತು.

ಅರಬ್ಬೀ ಮಾತಾಡುವವರು ಅಂತರ್ಜಾಲಕ್ಕೆ ಬಂದ ಬಗೆಯನ್ನು ಈ ನೋವಿನ ಜೊತೆಗಿಟ್ಟು ನೋಡಬೇಕು. ಸುಮಾರು 40 ಕೋಟಿ ಜನರ ಆ ಭಾಷೆಗೆ ಮೊದಮೊದಲ ಕಂಪ್ಯೂಟರುಗಳಲ್ಲೂ ಫೋನುಗಳಲ್ಲೂ ಸರಿಯಾದ ಕೀಲಿಮಣೆ ಇರಲಿಲ್ಲ. ಹುಡುಗರು ಇಂಗ್ಲಿಷ್ ಅಕ್ಷರಗಳಲ್ಲೇ ಅರಬ್ಬೀ ಬರೆದರು. ಇಂಗ್ಲಿಷಿನಲ್ಲಿಲ್ಲದ ಗಂಟಲ ಧ್ವನಿಗಳಿಗೆ 3, 7 ಎಂಬ ಅಂಕಿಗಳನ್ನು ಬಳಸಿದರು. 2011ರಲ್ಲಿ ಕೈರೋದ ತಹ್ರೀರ್ ಚೌಕದಲ್ಲಿ ಸರ್ಕಾರದ ವಿರುದ್ಧ ಜನ ಸೇರಿದಾಗ ಸಾಮಾಜಿಕ ಜಾಲತಾಣದ ಬಲಕ್ಕೆ ಹೆದರಿದ ಸರ್ಕಾರ ಜನವರಿ ಕೊನೆಯಲ್ಲಿ ಇಡೀ ಈಜಿಪ್ಟಿನ ಅಂತರ್ಜಾಲವನ್ನೇ ಕಡಿದುಹಾಕಿತು. ಮರುವರ್ಷ ಟ್ವಿಟರ್ ಬಲದಿಂದ ಎಡಕ್ಕೆ ಸಾಗುವ ಆ ಬರವಣಿಗೆಗೆ ತನ್ನ ಪುಟಗಳನ್ನು ಹೊಂದಿಸಿಕೊಂಡಿತು. ಪುಸ್ತಕದ ಅರಬ್ಬೀ ಬೇರೆ, ಮನೆಯ ಅರಬ್ಬೀ ಬೇರೆ ಎಂಬುದು ಆ ನಾಡುಗಳ ಹಳೆಯ ಕಟ್ಟಳೆ. ಅಷ್ಟಾಗಿ ಅಚ್ಚು ಕಾಣದಿದ್ದ ಮನೆಯ ಮಾತು ಜಾಲತಾಣದಲ್ಲಿ ಬರಹದ ಮಾತಾಯಿತು. ಈಜಿಪ್ಟಿನ ಆಡುನುಡಿಗೆಂದೇ 2008ರಲ್ಲಿ ಬೇರೆ ವಿಕಿಪೀಡಿಯ ಹುಟ್ಟಿತು.

ಈ ದಾರಿಯಲ್ಲಿ ನಾವೂ ನಡೆದಿದ್ದೇವೆ. ಒಂದು ಫಾಂಟಿನಲ್ಲಿ ಬರೆದ ಕನ್ನಡ ಇನ್ನೊಂದು ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳಾಗಿ ತೆರೆದುಕೊಳ್ಳುತ್ತಿದ್ದ ಕಾಲವನ್ನು ಪತ್ರಿಕೆ ನಡೆಸಿದ ಯಾರೂ ಮರೆಯಲಾರರು. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸ, ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶಗಳು, ಕೊನೆಗೆ ಯುನಿಕೋಡ್ ನಮ್ಮನ್ನು ದಡ ಸೇರಿಸಿದವು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದ ಮೇಲೆ ಡೇಟಾ ಅಗ್ಗವಾಯಿತು. ಅಡಿಕೆ ಧಾರಣೆ, ದಾಳಿಂಬೆಯ ರೋಗ, ನಾಲೆಗೆ ನೀರು ಬಿಡುವ ಸುದ್ದಿ ಹಳ್ಳಿಯ ಗುಂಪುಗಳಿಗೆ ಬರತೊಡಗಿದವು. ಬರೆಯಲು ಬಾರದವರೂ ಧ್ವನಿ ಸಂದೇಶದಲ್ಲಿ ತಮ್ಮ ಮಾತು ಕಳಿಸುತ್ತಿದ್ದಾರೆ. ಇದು ಸಣ್ಣ ಬಿಡುಗಡೆಯಲ್ಲ. ಊರಿನ ಮಾತಿಗೆ ಯಾರ ಅಪ್ಪಣೆಯೂ ಬೇಕಿಲ್ಲದ ಜಾಗವೊಂದು ಸಿಕ್ಕಿದೆ.

ಅರಬ್ಬೀ ನಮಗೆ ತೀರಾ ಪರದೇಶದ್ದು ಎನ್ನುವವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋಗಿಬರಬೇಕು. 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದ ಅಲ್ಲಿನ ಅಶೋಕನ ಶಾಸನ ಬ್ರಾಹ್ಮಿಯಲ್ಲಿದೆ. ನಮ್ಮ ಕನ್ನಡ ಲಿಪಿಯ ಮೂಲ ಅದು. ಶಾಸನ ಬರೆದ ಚಪಡ ಕೊನೆಯಲ್ಲಿ ತಾನು ಲಿಪಿಕಾರನೆಂಬ ಮಾತನ್ನು ಮಾತ್ರ ಖರೋಷ್ಠಿಯಲ್ಲಿ ಕೊರೆದಿದ್ದಾನೆ. ಖರೋಷ್ಠಿ ಬಲದಿಂದ ಎಡಕ್ಕೆ ಓಡುವ ಬರಹ. ಅದು ಹುಟ್ಟಿದ್ದು ಅರಮಾಯಿಕ್ ಲಿಪಿಯಿಂದ. ಅರಬ್ಬೀ ಲಿಪಿಯ ಬೇರೂ ಅಲ್ಲಿಯೇ ಇದೆ. ಎರಡು ಬರಹಗಳ ಬಳಗಗಳು ನಮ್ಮ ಚಿತ್ರದುರ್ಗ ಜಿಲ್ಲೆಯ ಒಂದೇ ಬಂಡೆಯ ಮೇಲೆ ಎರಡು ಸಾವಿರ ವರ್ಷಗಳಿಗೂ ಹಿಂದೆ ಕೂಡಿದ್ದವು. ಆ ಲಿಪಿಕಾರ ಹೆಸರು ಹಾಕಿದ್ದರಿಂದ ಇಂದಿಗೂ ಅವನು ಯಾರೆಂದು ಹೇಳಬಲ್ಲೆವು.

ಹೀಗೆ ಗುರುತು ಉಳಿಸುವ ಕೆಲಸದಲ್ಲಿ ನಾವು ಹಿಂದೆ ಬಿದ್ದಿದ್ದೇವೆ. ಕನ್ನಡ ವಿಕಿಪೀಡಿಯ 2003ರ ಜೂನಿನಲ್ಲಿ ಶುರುವಾಯಿತು, ಅರಬ್ಬೀ ವಿಕಿಪೀಡಿಯ ಅದೇ ವರ್ಷ ಜುಲೈನಲ್ಲಿ. ಅವರದು 2019ರಲ್ಲೇ 10 ಲಕ್ಷ ಲೇಖನಗಳನ್ನು ದಾಟಿತು. ನಮ್ಮದು ಇನ್ನೂ ಮೂವತ್ತು ಸಾವಿರದ ಆಸುಪಾಸಿನಲ್ಲಿದೆ. 2011ರ ಜನಗಣತಿಯಲ್ಲಿ ಕನ್ನಡವನ್ನು ತಾಯ್ನುಡಿಯೆಂದವರು 4.37 ಕೋಟಿ. ಅರಬ್ಬೀಯವರು ನಮ್ಮ ಒಂಬತ್ತು ಹತ್ತು ಪಟ್ಟು ಜನ ನಿಜ, ಆದರೆ ಲೇಖನಗಳ ಅಂತರ ಮೂವತ್ತು ಪಟ್ಟನ್ನು ಮೀರಿದೆ. ಅಷ್ಟಿದ್ದೂ ಬಳಸುವವರ ಸಂಖ್ಯೆಗೆ ತಕ್ಕಷ್ಟು ಅರಬ್ಬೀ ಪುಟಗಳು ಜಾಲದಲ್ಲಿಲ್ಲವೆಂದು ಅಲ್ಲಿನವರೇ ಮರುಗುತ್ತಾರೆ. ನೋಡುವವರು ಹೆಚ್ಚಿದ ಮಾತ್ರಕ್ಕೆ ಭಾಷೆ ಬೆಳೆಯದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ವೇದಾವತಿ ನದಿ ಇಲ್ಲಿ ಎಂದಿನಿಂದಲೂ ಹರಿಯುತ್ತಿತ್ತು. ಮಾರಿಕಣಿವೆಯಲ್ಲಿ ಎರಡು ಗುಡ್ಡಗಳ ನಡುವೆ ಕಟ್ಟೆ ಹಾಕಿದ ಮೇಲೆ ತಾನೇ ಹಿರಿಯೂರಿನ ಹೊಲಗಳಿಗೆ ನೀರು ಹಾಯ್ದದ್ದು? ರೀಲ್ಸು, ಫಾರ್ವರ್ಡುಗಳ ಹರಿವಿಗೂ ಅಂಥದೊಂದು ಕಟ್ಟೆ ಬೇಕು.

ಹಿಡಿದಿಡಬೇಕಾದದ್ದು ನಮ್ಮಲ್ಲಿ ಬೇಕಾದಷ್ಟಿದೆ. ಕಾಡುಗೊಲ್ಲರ ಜುಂಜಪ್ಪನ ಕಾವ್ಯ, ಮ್ಯಾಸಬೇಡರ ಗಾದ್ರಿಪಾಲನಾಯಕನ ಕಥೆ ಹಾಡುವವರ ನಾಲಗೆಯ ಮೇಲಿವೆ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ; ಸಾವಿರಾರು ಪದಗಳನ್ನು ನೆನಪಿನಲ್ಲಿಟ್ಟು ಹಾಡಿದರು. ವಿದ್ವಾಂಸರು ಕೂತು ಬರೆದುಕೊಂಡದ್ದರಿಂದ ಅವು ನಮಗೆ ಉಳಿದವು. ಅವರ ಹಾಗೆ ಹಾಡುವ, ಹೇಳುವ ಎಷ್ಟೋ ಹಿರಿಯರು ಇಂದು ಮೊಮ್ಮಕ್ಕಳ ಫೋನಿನ ಮುಂದೆಯೇ ಕೂತಿದ್ದಾರೆ. ಸಾಧನ ಕೈಯಲ್ಲಿದೆ, ಜೋಪಾನವಿಲ್ಲ.

ನಮ್ಮಂಥ ಸಣ್ಣ ಪತ್ರಿಕೆಯ ಕಾಲ ಮುಗಿಯಿತು ಎನ್ನುವವರಿಗೆ ನಮ್ಮ ಉತ್ತರ ಇಲ್ಲಿದೆ. ವಿಕಿಪೀಡಿಯದ ಲೇಖನಕ್ಕೆ ಪ್ರಕಟವಾದ ಆಧಾರ ಬೇಕು; ಬಾಯಿಮಾತು ಅಲ್ಲಿ ಸಲ್ಲದು. ಅಜ್ಜಿಯ ಮಾತನ್ನು ಕೇಳಿ, ತಾಳೆ ನೋಡಿ, ಹೆಸರು ಊರು ದಿನಾಂಕಗಳೊಡನೆ ಅಚ್ಚುಮಾಡಿದರೆ ಅದೇ ನಾಳೆಯ ಬರಹಕ್ಕೆ ಆಧಾರವಾಗುತ್ತದೆ. ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶದ ಸಂಪುಟಗಳನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟು ದೊಡ್ಡ ಮಾದರಿ ತೋರಿದೆ. ಯಂತ್ರಗಳೂ ಈಗ ಭಾಷೆ ಕಲಿಯುವುದು ಜಾಲದಲ್ಲಿರುವ ಬರಹದಿಂದ. ನಾವು ಇಡದ ಮಾತು ಅವಕ್ಕೂ ತಿಳಿಯದು.

ಆದ್ದರಿಂದ ಮುಂದಿನ ಸಂಚಿಕೆಯಿಂದ ನಮ್ಮ ಜಿಲ್ಲೆಯ ತಾಲ್ಲೂಕುಗಳ ಊರ ಮಾತಿಗೆ ಪುಟಗಳನ್ನು ಮೀಸಲಿಡುತ್ತೇವೆ. ನಿಮ್ಮ ಮನೆಯ ಹಿರಿಯರಿಂದ ಒಂದು ಹಾಡು, ಕೆರೆಯ ಕಥೆ, ಬರದ ನೆನಪು ಕೇಳಿ ಫೋನಿನಲ್ಲಿ ತುಂಬಿಕೊಳ್ಳಿ. ಅವರ ಒಪ್ಪಿಗೆಯನ್ನೂ ಅದರಲ್ಲೇ ಹೇಳಿಸಿ. ಊರು, ತಾರೀಖು ಬರೆಯಿರಿ. ಆಡಿದ ಹಾಗೆಯೇ ಅಕ್ಷರಕ್ಕಿಳಿಸಿ, ಗ್ರಂಥದ ಭಾಷೆಗೆ ತಿದ್ದಬೇಡಿ. ನಾವು ಅದನ್ನು ಅಚ್ಚುಮಾಡುತ್ತೇವೆ. ಒಪ್ಪಿದವರ ಧ್ವನಿಯನ್ನು ಎಲ್ಲರೂ ಬಳಸಬಹುದಾದ ವಿಕಿಮೀಡಿಯ ಕಾಮನ್ಸಿಗೆ ಸೇರಿಸುತ್ತೇವೆ. ತಿಂಗಳಿಗೆ ಹತ್ತು ಊರಿನ ಹತ್ತು ದನಿಗಳು ಬಂದರೂ ಸಾಕು, ಈ ಸೀಮೆಯ ಕನ್ನಡಕ್ಕೆ ಜಾಲದಲ್ಲಿ ಕಾಯಂ ವಿಳಾಸ ಸಿಗುತ್ತದೆ.