ಶಾಸನ ಓದಿಸುವವರು ಫಾರ್ವರ್ಡನ್ನೂ ಓದಿಸಲಿ

ರಾಜ್ಯದ ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಿಗೆ,



ಕರಾವಳಿ, ಮಲೆನಾಡಿನಲ್ಲಿ ಮಳೆ ಜೋರಾದ ರಾತ್ರಿ ಪೋಷಕರ ವಾಟ್ಸಾಪ್ ಗುಂಪುಗಳಿಗೆ ಜಿಲ್ಲಾಧಿಕಾರಿಗಳ ಆದೇಶವೊಂದು ಬಂದು ಬೀಳುತ್ತದೆ: ನಾಳೆ ಶಾಲೆಗಳಿಗೆ ರಜೆ. ಲೆಟರ್‌ಹೆಡ್ ಇದೆ, ಮೊಹರು ಇದೆ, ಸಹಿಯೂ ಇದೆ. ಎಷ್ಟೋ ಸಲ ಅದು ಹಳೆಯ ಆದೇಶ. ದಿನಾಂಕವನ್ನಷ್ಟೇ ಯಾರೋ ಫೋನಿನಲ್ಲಿ ತಿದ್ದಿರುತ್ತಾರೆ. 'ಇದು ನಕಲಿ' ಎಂದು ಜಿಲ್ಲಾಡಳಿತ ಹೇಳಿಕೆ ಕೊಡುವ ಹೊತ್ತಿಗೆ ಮಕ್ಕಳು ಹೊದ್ದು ಮಲಗಿರುತ್ತಾರೆ.

ದೂರು ಹೇಳಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಇಲಾಖೆಗೆ ಇದಕ್ಕಿಂತ ಒಳ್ಳೆಯ ಪಾಠೋಪಕರಣ ಸಿಗಲಿಕ್ಕಿಲ್ಲ.

ಎಂಟನೇ ತರಗತಿಯ ಸಮಾಜ ವಿಜ್ಞಾನದಲ್ಲಿ 'ಆಧಾರಗಳು' ಎಂಬ ಪಾಠವಿದೆ. ಸಾಹಿತ್ಯ, ಶಾಸನ, ನಾಣ್ಯ, ಸ್ಮಾರಕ ಎಂದು ಮಕ್ಕಳು ಬಾಯಿಪಾಠ ಮಾಡಿ ಎರಡಂಕದ ಉತ್ತರ ಬರೆದು ಕೈ ತೊಳೆದುಕೊಳ್ಳುತ್ತಾರೆ. ಆಧಾರವೂ ಸುಳ್ಳಾಡಬಹುದು ಎಂಬ ಮಾತು ತರಗತಿಯಲ್ಲಿ ಏಳುವುದು ಅಪರೂಪ. ಆದರೆ ಸ್ವಾರಸ್ಯ ಇರುವುದೇ ಅಲ್ಲಿ. ರಾಜಶಾಸನವನ್ನು ಖೋಟಾ ಮಾಡುವವರಿಗೆ ಮನುಸ್ಮೃತಿ ಮರಣದಂಡನೆ ಹೇಳುತ್ತದೆ, ಅಷ್ಟು ಹಳೆಯ ಕಸುಬು ಇದು. ಗಂಗರ ಹೆಸರಿನಲ್ಲಿ ಸಿಕ್ಕ ತಾಮ್ರಪಟಗಳಲ್ಲಿ ಹಲವನ್ನು ಶಾಸನತಜ್ಞ ಜೆ.ಎಫ್. ಫ್ಲೀಟ್ ಕೂಟಶಾಸನಗಳೆಂದು, ಅಂದರೆ ಖೋಟಾ ಎಂದು, ತಳ್ಳಿಹಾಕಿದರು. ಸುಮ್ಮನೆ ತಳ್ಳಿಹಾಕಲಿಲ್ಲ, ಕಾರಣ ಕೊಟ್ಟರು: ಹೇಳಿಕೊಂಡ ಕಾಲಕ್ಕೆ ಲಿಪಿ ಹೊಂದುವುದಿಲ್ಲ, ತಿಥಿ-ವಾರ ಕೂಡಿಬರುವುದಿಲ್ಲ, ವಂಶಾವಳಿ ಬೇರೆ ದಾಖಲೆಗಳೊಂದಿಗೆ ತಾಳೆಯಾಗುವುದಿಲ್ಲ. ಮೈಸೂರು ಸಂಸ್ಥಾನದಲ್ಲಿ ಶಾಸನ ಸಂಗ್ರಹಿಸುತ್ತಿದ್ದ ಬಿ.ಎಲ್. ರೈಸ್ ಇದನ್ನು ಒಪ್ಪಲಿಲ್ಲ. ಇಬ್ಬರ ವಾದ ವರ್ಷಗಟ್ಟಲೆ ನಡೆಯಿತು. ಫ್ಲೀಟ್ ಅನುಮಾನಿಸಿದ ಕೆಲವನ್ನು ನಂತರದ ವಿದ್ವಾಂಸರು ಅಸಲಿ ಎಂದೇ ಒಪ್ಪಿದರು. ಅನುಮಾನಕ್ಕೂ ಪುರಾವೆ ಕೇಳಬೇಕು ಎಂಬುದನ್ನು ಕಲಿಸಲು ಇದಕ್ಕಿಂತ ಬೇರೆ ಕಥೆ ಬೇಕೆ? ಭೂಮಿ ಹೊಡೆಯಲು ದೊರೆಯ ಹೆಸರಿನಲ್ಲಿ ಕೆತ್ತಿದ ತಾಮ್ರಪಟಕ್ಕೆ ಕೇಳುವ ಪ್ರಶ್ನೆಗಳನ್ನೇ ಡಿಸಿ ಹೆಸರಿನ ರಜೆ ಆದೇಶಕ್ಕೂ ಕೇಳಬಹುದು. ಯಾರು ಬರೆದದ್ದು, ಯಾವಾಗ, ಯಾರಿಗೆ ಲಾಭ, ಬೇರೆಲ್ಲಿ ದಾಖಲಾಗಿದೆ?

ರಜೆಯಾದರೆ ಹೋಗಲಿ ಎನ್ನಬಹುದು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯಲ್ಲಿ ದಾರಿಹೋಕ ಗೆಳೆಯರ ಗುಂಪೊಂದು ಶಾಲಾಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. 'ಮಕ್ಕಳ ಕಳ್ಳರು' ಎಂಬ ಸುದ್ದಿ ವಾಟ್ಸಾಪಿನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ರಸ್ತೆಗೆ ಅಡ್ಡ ಹಾಕಿ ಅವರನ್ನು ಹೊಡೆದರು. ಆ ಗುಂಪಿನಲ್ಲಿದ್ದ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಆ ದಿನಗಳಲ್ಲಿ ದೇಶದ ತುಂಬ ಹರಿದಾಡಿದ ಮಕ್ಕಳ ಅಪಹರಣದ ವಿಡಿಯೊ ಒಂದು ಕರಾಚಿಯದು. ಮಕ್ಕಳ ಸುರಕ್ಷತೆಗಾಗಿ ತೆಗೆದ ಜಾಗೃತಿ ಚಿತ್ರ ಅದು. ಕೊನೆಯಲ್ಲಿ ಮಗುವನ್ನು ಹಿಂದಿರುಗಿಸಿ ಸಂದೇಶದ ಫಲಕ ತೋರಿಸುವ ಭಾಗವನ್ನು ಕತ್ತರಿಸಿ ಹರಿಯಬಿಟ್ಟಿದ್ದರು.

ಇಂಥದ್ದು ನಡೆದಾಗಲೆಲ್ಲ ನಾವು ಭಿತ್ತಿಪತ್ರ ಅಂಟಿಸುತ್ತೇವೆ, ಪ್ರತಿಜ್ಞೆ ಬೋಧಿಸುತ್ತೇವೆ. ಹೆಚ್ಚೆಂದರೆ, ವೆಬ್‌ಸೈಟಿಗೆ ಬೀಗದ ಗುರುತಿದೆಯೇ, ಅಕ್ಷರ ತಪ್ಪುಗಳಿವೆಯೇ ನೋಡಿ ಎನ್ನುತ್ತೇವೆ. ಇದರಿಂದ ಪ್ರಯೋಜನ ಕಡಿಮೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 10 ಇತಿಹಾಸಕಾರರು, 10 ವೃತ್ತಿನಿರತ ಫ್ಯಾಕ್ಟ್‌ಚೆಕರ್‌ಗಳು, 25 ವಿದ್ಯಾರ್ಥಿಗಳನ್ನು ಕೂರಿಸಿ ವೆಬ್‌ಸೈಟುಗಳನ್ನು ತೂಗಿ ನೋಡಲು ಹೇಳಿದರು. ಪಿಎಚ್.ಡಿ. ಪಡೆದ ಇತಿಹಾಸಕಾರರಲ್ಲೂ ಹಲವರು ಪುಟದ ಅಂದಚಂದಕ್ಕೆ, ಸಂಸ್ಥೆಯ ಗಂಭೀರ ಹೆಸರಿಗೆ ಮರುಳಾದರು. ಫ್ಯಾಕ್ಟ್‌ಚೆಕರ್‌ಗಳು ಮಾತ್ರ ಆ ಪುಟದಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಬೇರೆ ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನೆನ್ನುತ್ತಾರೆ ಎಂದು ಮೊದಲು ಹುಡುಕಿದರು. ಹೆಣ್ಣು-ಗಂಡು ನೋಡುವಾಗ ಊರಿನಲ್ಲಿ ನಾಲ್ಕು ಜನರನ್ನು ವಿಚಾರಿಸುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕನ್ನಡದಲ್ಲಿ ಹುಡುಕುವ ಮಗುವಿಗೆ ಮಾತ್ರ ಇನ್ನೊಂದು ತೊಡಕಿದೆ. ಒಂದೇ ಬರಹವನ್ನು ಹತ್ತು ತಾಣಗಳು ಅಕ್ಷರ ಬಿಡದೆ ನಕಲು ಮಾಡಿರುತ್ತವೆ. ಹತ್ತು ಕಡೆ ಇದೆಯೆಂದರೆ ಹತ್ತು ಸಾಕ್ಷಿ ಎಂದುಕೊಳ್ಳುತ್ತದೆ ಮಗು, ಸಾಕ್ಷಿ ಒಂದೇ. ಈಗ ಎಐ ಕೂಡ ಸೊಗಸಾದ ಕನ್ನಡದಲ್ಲಿ, ಅನುಮಾನಕ್ಕೆ ಎಡೆಯಿಲ್ಲದ ಧಾಟಿಯಲ್ಲಿ, ತಪ್ಪು ಇಸವಿ ಹೇಳಬಲ್ಲದು.

ಕಾಸರಗೋಡಿನ ಪಕ್ಕದ ಕಣ್ಣೂರು ಜಿಲ್ಲೆ 2018ರಲ್ಲೇ 150 ಸರ್ಕಾರಿ ಶಾಲೆಗಳಲ್ಲಿ 'ಸತ್ಯಮೇವ ಜಯತೇ' ಎಂಬ ಹೆಸರಿನಲ್ಲಿ ಸುಳ್ಳು ಸುದ್ದಿ ಗುರುತಿಸಲು ಕಲಿಸುವ ತರಗತಿ ನಡೆಸಿತು. ಲಸಿಕೆಯ ಬಗ್ಗೆ ಹಬ್ಬಿದ ಸುಳ್ಳುಗಳಿಂದ ಬೇಸತ್ತ ಜಿಲ್ಲಾಡಳಿತದ ಕೆಲಸ ಅದು. ಹಾಗಾಗಿ ಶಾಲೆಯಲ್ಲಿ ಇದನ್ನು ಕಲಿಸುವುದು ಆಗದ ಮಾತೇನೂ ಅಲ್ಲ.

ನಾನು ಕೇಳುವುದು ಇಷ್ಟೂ ಇಲ್ಲ. ದಯವಿಟ್ಟು ಹೊಸ ವಿಷಯ, ಹೊಸ ಪುಸ್ತಕ, ಹೊಸ ದಿನಾಚರಣೆ ತರಬೇಡಿ. ಆಚರಣೆಗಳು ಈಗಾಗಲೇ ಬೇಕಾದಷ್ಟಿವೆ. 'ಆಧಾರಗಳು' ಪಾಠಕ್ಕೆ ನಾಲ್ಕು ಪುಟ ಸೇರಿಸಿ: ಒಂದು ಕೂಟಶಾಸನ, ಒಂದು ನಕಲಿ ಆದೇಶ, ಒಂದು ಕತ್ತರಿಸಿದ ವಿಡಿಯೊದ ಕಥೆ. ಕಂಪ್ಯೂಟರ್ ಇಲ್ಲದ ಶಾಲೆಯಲ್ಲೂ ಮುದ್ರಿತ ಹಾಳೆ ಹಂಚಿ ಇದನ್ನು ಕಲಿಸಬಹುದು. ಡಯಟ್‌ಗಳಲ್ಲಿ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳಲ್ಲಿ) ಶಿಕ್ಷಕರ ತರಬೇತಿ ಮೊದಲಾಗಲಿ. ನಮ್ಮ ಶಿಕ್ಷಕರ ಗುಂಪುಗಳಲ್ಲಿ ಬೆಳಗಾದರೆ ಏನೇನು ಫಾರ್ವರ್ಡ್ ಆಗುತ್ತದೆ ಎಂದು ನೋಡಿದವರಿಗೆ ಕಾರಣ ಗೊತ್ತು.

ಪ್ರಾಜೆಕ್ಟ್‌ಗಳದ್ದು ಇನ್ನೊಂದು ಕಥೆ. 'ಹೊಯ್ಸಳರ ವಾಸ್ತುಶಿಲ್ಪ' ಎಂದರೆ ಸೈಬರ್ ಸೆಂಟರಿನವನೇ ಹುಡುಕಿ, ಪ್ರಿಂಟ್ ತೆಗೆದು, ಸ್ಪೈರಲ್ ಬೈಂಡಿಂಗ್ ಮಾಡಿಕೊಡುತ್ತಾನೆ. ಕೊನೆಯ ಪುಟದಲ್ಲಿ 'ಆಧಾರ: ಗೂಗಲ್' ಎಂದಿರುತ್ತದೆ. ನಾವು ಅಂಕ ಕೊಡುತ್ತೇವೆ. ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದ 20 ಆಂತರಿಕ ಅಂಕಗಳಲ್ಲಿ ಐದನ್ನಾದರೂ, ಮಾಹಿತಿ ಎಲ್ಲಿ ಸಿಕ್ಕಿತು, ಅದನ್ನು ಏಕೆ ನಂಬಿದೆ ಎಂದು ಮಗು ತನ್ನ ಮಾತಿನಲ್ಲಿ ಬರೆದ ಅರ್ಧ ಪುಟಕ್ಕೆ ಮೀಸಲಿಡಿ. ಪರೀಕ್ಷೆಗೆ ಬಾರದ್ದನ್ನು ನಮ್ಮಲ್ಲಿ ಯಾರೂ ಕಲಿಸುವುದಿಲ್ಲ. ಆದ್ದರಿಂದ ಪ್ರಶ್ನೆಪತ್ರಿಕೆಯ ನೀಲನಕ್ಷೆಯಲ್ಲೂ ನಾಲ್ಕು ಅಂಕದ ಜಾಗ ಬೇಕು. ಒಂದೇ ಘಟನೆಯ ಎರಡು ಬರಹ ಕೊಟ್ಟು, ಯಾವುದನ್ನು ಎಷ್ಟು ನಂಬುತ್ತೀಯ, ಏಕೆ ಎಂದು ಕೇಳಿ. ಅದಕ್ಕೆ ಗೈಡುಗಳಲ್ಲಿ ಸಿದ್ಧ ಉತ್ತರ ಇರುವುದಿಲ್ಲವೆಂದು ಆಕ್ಷೇಪ ಬರುತ್ತದೆ. ಆ ಆಕ್ಷೇಪಕ್ಕೆ ಮಣಿಯಬೇಡಿ.

ಇತಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕ